ಕೊಟ್ಟಿಗೆ ಗೋಡೆಗೆ ಸಿಮೆಂಟ್ ಯಾಕೆ ಬೇಡ ಅಂದ್ರೆ

ವಾಲಂಟಿಯರ್‌ಗಳು ಸೇರ್ಕೊಂಡು ಹೊಲದ ಹಳೇ ಕೊಟ್ಟಿಗೆ ಉಳಿಸ್ತೀವಿ ಅಂತ ಹೊರಟ್ರೆ ನಂಗೆ ನಿಜವಾಗ್ಲೂ ಖುಷಿ ಆಗತ್ತೆ, ಮೊದಲ್ನೇ ಸಿಮೆಂಟ್ ಮೂಟೆ ಬಂದಿಳಿಯೋವರೆಗೆ. ಸೂರು ಸೋರಬಾರ್ದು, ಗೋಡೆ ಬುಡದಲ್ಲಿ ನೀರು ನಿಲ್ಲಬಾರ್ದು, ಇದೆಲ್ಲ ನಿಮಗೆ ಗೊತ್ತಿರೋದೇ. ನಾನು ತಲೆ ಚಚ್ಕೊಳ್ತಿರೋದು ಒಂದೇ ವಿಷಯಕ್ಕೆ, ಸುಣ್ಣದ ಗಾರೇಲೋ ಮಣ್ಣಲ್ಲೋ ಕಟ್ಟಿರೋ ಕಲ್ಲುಗೋಡೆ ಸಂದಿಗೆ ಸಿಮೆಂಟ್ ತುಂಬೋದು.

"ಸಿಮೆಂಟ್ ಗಟ್ಟಿ ಅಲ್ವಾ ಸಾರ್?" ಅಂತಾರೆ. ಗಟ್ಟಿ ಇರೋದೇ ತೊಂದ್ರೆ. ಹಳೇ ಗೋಡೆ ನೆಲದಿಂದ್ಲೂ ಮಳೆಯಿಂದ್ಲೂ ತೇವ ಕುಡಿಯತ್ತೆ, ಆ ತೇವ ಸಂದಿಯಲ್ಲಿರೋ ಗಾರೆ ಮೂಲಕ ಹೊರಗೆ ಹೋಗಿ ಆರತ್ತೆ, ಯಾಕಂದ್ರೆ ಗಾರೆ ಕಲ್ಲಿಗಿಂತ ಮೆತ್ತಗಿರತ್ತೆ, ಸಣ್ಣ ಸಣ್ಣ ರಂಧ್ರ ಜಾಸ್ತಿ. ಅದರ ಮೇಲೆ ಸಿಮೆಂಟ್ ಮೆತ್ತಿದ್ರೆ ಆ ದಾರಿ ಬಂದ್. ಆಗ ತೇವ ಕಲ್ಲಿನ ಮೂಲಕವೇ ಹೊರಗೆ ಬರಬೇಕು, ಬರುವಾಗ ಅದರ ಜೊತೆಗಿರೋ ಉಪ್ಪು ಕಲ್ಲಿನ ಮುಖದ ಹಿಂದೆ ಹರಳುಗಟ್ಟಿ ಪದರ ಪದರವಾಗಿ ಎಬ್ಬಿಸತ್ತೆ. ಮತ್ತೊಂದ್ಸಲ ಹೇಳ್ತೀನಿ, ಯಾಕಂದ್ರೆ ಒಂದೇ ಸಲಕ್ಕೆ ಯಾರೂ ನಂಬಲ್ಲ: ಸವೆಯೋಕೆ ಅಂತಲೇ ಇರೋದು ಗಾರೆ, ಅದು ಸವೆದ್ರೆ ಮತ್ತೆ ತುಂಬಬಹುದು, ಕಲ್ಲು ಸವೆದ್ರೆ ಏನ್ ಮಾಡ್ತೀರಿ?

ಕಲ್ಲಿಗಿಂತ ಮುಂಚೆ ಹೋಗೋದು ತೊಲೆ. ಗೋಡೆ ಒಳಗೆ ಕೂತಿರೋ ತೊಲೆ ತುದಿಯಲ್ಲಿ ತೇವಾಂಶ ಸುಮಾರು 20% ದಾಟಿ ಹಾಗೇ ಉಳ್ಕೊಂಡ್ರೆ ಕೊಳೆ ಹಿಡಿಯೋ ಅಪಾಯ ಶುರು, ಹೊರಗಿಂದ ಏನೂ ಗೊತ್ತಾಗಲ್ಲ. ಒಂದು ಕಡೆ ರಿಟೈರ್ಡ್ ಮೇಷ್ಟ್ರು ಒಬ್ರು ಹುಡುಗ್ರನ್ನೆಲ್ಲ ಸೇರಿಸಿ ಇಡೀ ಗೋಡೆಗೆ ಪಾಯಿಂಟಿಂಗ್, ಅಂದ್ರೆ ಸಂದಿಗೆಲ್ಲ ಸಿಮೆಂಟ್ ತುಂಬೋ ಕೆಲಸ, ಮಾಡ್ಸಿದ್ರು, ನೋಡಕ್ಕೆ ಫಳಫಳ. ಕೆಲವು ವರ್ಷ ಆದ್ಮೇಲೆ ನಾನು ತೊಲೆ ತುದಿಗೆ ಸ್ಕ್ರೂಡ್ರೈವರ್ ಒತ್ತಿದ್ರೆ ಹಿಡಿವರೆಗೂ ಒಳಗೆ ಹೋಯ್ತು. ಮೇಷ್ಟ್ರು ಸುಮಾರು ಹೊತ್ತು ನೋಡಿ ಕೇಳಿದ್ದು, "ಸಿಮೆಂಟ್ ಕಡಿಮೆ ಆಯ್ತಾ?" ಇಂಥೋರ ಮೇಲೆ ಸಿಟ್ಟು ಮಾಡ್ಕೊಳ್ಳೋದು ಹೇಗೆ ಹೇಳಿ.

ಅದೇ ತೊಲೆ ಮೇಲೆ ಬಡಗಿ ಉಳಿಯಲ್ಲಿ ಕೊರೆದ ಗೀರುಗಳಿದ್ವು, ರೋಮನ್ ಅಂಕಿ ಥರ. ಚೌಕಟ್ಟನ್ನ ನೆಲದ ಮೇಲೆ ಜೋಡಿಸಿ ನೋಡಿ, ಬಿಚ್ಚಿ, ಆಮೇಲೆ ನಿಲ್ಲಿಸ್ತಿದ್ರು, ಯಾವ ಕಚ್ಚು ಯಾವುದಕ್ಕೆ ಅಂತ ಮರೆಯದಿರ್ಲಿ ಅಂತ ಆ ಗುರುತು. ಒಬ್ಬ ಹುಡುಗ ಅದನ್ನ ಸ್ಯಾಂಡರ್ ಹಿಡಿದು ನೈಸ್ ಮಾಡಕ್ಕೆ ಹೊರಟಿದ್ದ! ಎದುರುಬದುರಾಗಿರೋ ಎರಡು ದೊಡ್ಡ ಬಾಗಿಲಲ್ಲಿ ಒಂದನ್ನ ಮುಚ್ಚೋಣ ಅನ್ನೋರೂ ಇದ್ರು. ಅವೆರಡರ ಮಧ್ಯೆ ಇದ್ದಿದ್ದು ಒಕ್ಕಣೆ ಕಣ, ತೂರೋಕೆ ಗಾಳಿ ಬೇಕು ಅಂತ ಬಿಟ್ಟಿದ್ದು, ಈಗ ಅದೇ ಗಾಳಿ ಮರವನ್ನ ಒಣಗಿಸ್ತಿದೆ.

ಈಗಿನ ಸಿಮೆಂಟಿನ ಮೂಲವಾದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್ಡಿನ್ ಪೇಟೆಂಟ್ ತಗೊಂಡಿದ್ದೇ 1824ರಲ್ಲಿ. ಇಂಗ್ಲೆಂಡಿನ ಎಸೆಕ್ಸ್‌ನ ಕ್ರೆಸಿಂಗ್ ಟೆಂಪಲ್‌ನಲ್ಲಿ ನೈಟ್ಸ್ ಟೆಂಪ್ಲರ್ ಅನ್ನೋ ಕ್ರೈಸ್ತ ಯೋಧ ಸನ್ಯಾಸಿಗಳ ಕಾಲದ ಬಾರ್ಲಿ, ಗೋಧಿ ಕೊಟ್ಟಿಗೆಗಳು (ಬಾರ್ನ್) ಅದಕ್ಕೂ ಎಷ್ಟೋ ಮುಂಚಿನ 13ನೇ ಶತಮಾನದವು, ಇವತ್ತಿಗೂ ನಿಂತಿವೆ. ಉದ್ಧಾರ ಮಾಡೋ ಭರದಲ್ಲಿ ಹಾಳು ಮಾಡೋರ ಕಾಟ ತಡೀಲಾರದೆ ಇಂಗ್ಲಿಷ್ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ 1877ರಲ್ಲೇ ಲಂಡನ್ನಿನಲ್ಲಿ ಹಳೇ ಕಟ್ಟಡ ಕಾಪಾಡೋ ಸಂಘ ಕಟ್ಟಿದ್ರು, ಅಂದ್ರೆ ನನ್ನ ಗೋಳು ಹೊಸದೇನಲ್ಲ.

ಹಾಗಂತ ಎಲ್ಲಾ ಕೊಟ್ಟಿಗೆಗೂ ಇದೇ ಅನ್ನಲ್ಲ. ಸಿಮೆಂಟಲ್ಲೇ ಕಟ್ಟಿರೋ ಗೋಡೆ ಲೆಕ್ಕ ಬೇರೆ, ಗೋಡೆ ವಾಲಿದ್ರೆ ಮೊದಲು ಇಂಜಿನಿಯರ್ ನೋಡ್ಲಿ. ಹಳೇ ಗಾರೆ ಚೂರು ತೆಗೆದು ಟೆಸ್ಟ್ ಮಾಡ್ಸಿ ಅದಕ್ಕೆ ಹೊಂದೋ ಮಿಶ್ರಣ ಮಾಡ್ಕೊಳ್ಳಿ. ಈಗಾಗ್ಲೇ ಮೆತ್ತಿರೋ ಸಿಮೆಂಟನ್ನ ಗ್ರೈಂಡರ್ ಹಿಡಿದು ಕೀಳಕ್ಕೆ ಹೋಗ್ಬೇಡಿ, ಕಲ್ಲಿನ ಅಂಚು ಹೋಗತ್ತೆ. ತಾನಾಗೇ ಸಡಿಲ ಆಗಿರೋ ಕಡೆ ಕೈ ಉಳಿಯಲ್ಲಿ ತೆಗೀರಿ, ಬಿಗಿಯಾಗಿರೋದನ್ನ ಸದ್ಯಕ್ಕೆ ಬಿಡೋದೇ ವಾಸಿ. ಸುಣ್ಣ ಕಲಸುವಾಗ ಕನ್ನಡಕ, ಗ್ಲೌಸ್ ಕಡ್ಡಾಯ, ಕಣ್ಣಿಗೆ ಬಿದ್ರೆ ಸುಡತ್ತೆ. ತುಂಬಿದ ಗಾರೆ ಮೇಲೆ ಒದ್ದೆ ಗೋಣಿ ಇಳಿಬಿಡಿ, ಬೇಗ ಒಣಗಿದ್ರೆ ಪುಡಿಪುಡಿ ಆಗತ್ತೆ, ಟೆಂಪರೇಚರ್ 5 ಡಿಗ್ರಿಗಿಂತ ಕೆಳಗೆ ಇಳಿಯೋ ದಿನಗಳಲ್ಲಂತೂ ಕೆಲಸಾನೇ ಹಿಡೀಬೇಡಿ.