ಗುಟ್ಟು ಬಿಟ್ಟುಕೊಡದೆ ಗುರುತು ತೋರಿಸುವ ದಾರಿ

ಆನ್‌ಲೈನ್ ಗುರುತು ಮತ್ತು ದೃಢೀಕರಣದ ಬಗ್ಗೆ ಮಂಗಳೂರಿನಲ್ಲಿ ನಡೆದ ತಂತ್ರಜ್ಞಾನ ಸಮ್ಮೇಳನದಲ್ಲಿ ಹೆಚ್ಚು ಜನ ಮುತ್ತಿಕೊಂಡಿದ್ದು ಒಂದು ಸಣ್ಣ ಪ್ರಾತ್ಯಕ್ಷಿಕೆಯನ್ನು. ಬ್ಯಾಂಕಿನ ಜಾಲತಾಣದಂತೆಯೇ ಕಾಣುವ ನಕಲಿ ಪುಟ; ವಿಳಾಸದಲ್ಲಿ ಒಂದಕ್ಷರ ಮಾತ್ರ ಬೇರೆ. ಅಲ್ಲಿ ಹಾಕಿದ ಪಾಸ್‌ವರ್ಡ್ ಪಕ್ಕದ ಪರದೆಯಲ್ಲಿ ಹಾಗೇ ಮೂಡುತ್ತಿತ್ತು, ಒಟಿಪಿಯೂ ಅಷ್ಟೇ. ಪಾಸ್‌ಕೀ, ಅಂದರೆ ಪಾಸ್‌ವರ್ಡಿನ ಬದಲು ಲಾಗಿನ್‌ಗೆ ಬಳಸುವ ಡಿಜಿಟಲ್ ಕೀಲಿ, ಇದ್ದ ಫೋನು ಮಾತ್ರ ಆ ಪುಟಕ್ಕೆ ಓಗೊಡಲೇ ಇಲ್ಲ.

ಇಲ್ಲಿಗೆ ಬರಲು ಅರವತ್ತು ವರ್ಷ ಹಿಡಿಯಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಒಂದೇ ಕಂಪ್ಯೂಟರನ್ನು ಹಲವರು ಬಳಸುವ ವ್ಯವಸ್ಥೆ ಕಟ್ಟಿತು. ಒಬ್ಬರ ಕಡತಕ್ಕೆ ಇನ್ನೊಬ್ಬರು ಕೈಹಾಕದಿರಲಿ ಎಂದು ಪಾಸ್‌ವರ್ಡ್ ತಂದರು. ಅದೇ ದಶಕದಲ್ಲಿ, ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಎಲ್ಲರ ಪಾಸ್‌ವರ್ಡ್ ಪಟ್ಟಿಯೇ ಕಾಣಿಸಿತು.

ಆ ಹೊತ್ತಿಗೆ ಉಡುಪಿಯ ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ ಠೇವಣಿಗೆ ದಶಕಗಳೇ ಕಳೆದಿದ್ದವು. 1928ರಲ್ಲಿ ಶುರುವಾದ ಆ ಯೋಜನೆಯಲ್ಲಿ ಹಣ ಸಂಗ್ರಹಿಸಲು ಮನೆ ಬಾಗಿಲಿಗೆ ಬರುವವರಿಗೆ ಮುಖಪರಿಚಯವೇ ಸಾಕಿತ್ತು. ವ್ಯವಹಾರ ಇಂಟರ್ನೆಟ್ಟಿಗೆ ಹೋದಾಗ ತಪ್ಪಿಹೋದದ್ದು ಅದೇ. ಹಾಗಾಗಿ 2009ರ ಆಗಸ್ಟ್‌ನಿಂದ ಆನ್‌ಲೈನ್ ಕಾರ್ಡ್ ಪಾವತಿಗೆ ರಿಸರ್ವ್ ಬ್ಯಾಂಕ್ ಎರಡನೇ ಹಂತದ ದೃಢೀಕರಣ ಕಡ್ಡಾಯ ಮಾಡಿತು. ಮುಂದೆ ಒಟಿಪಿ ಮನೆಮಾತಾಯಿತು. ಅದರಿಂದ ಉಪಕಾರ ಆಗಿಲ್ಲ ಎನ್ನಲಾರೆ. ಆದರೆ ನಮ್ಮ ಊರುಗಳಲ್ಲಿ ಅಮ್ಮನ ಖಾತೆಗೆ ದುಬೈಯಲ್ಲಿರುವ ಮಗನ ನಂಬರು ಜೋಡಿಸಿರುತ್ತದೆ. ಒಟಿಪಿಯನ್ನು ಫೋನಿನಲ್ಲಿ ಕೇಳುವುದು, ಹೇಳುವುದು ಮನೆಯೊಳಗಿನ ರೂಢಿ. ವಂಚಕರಿಗೆ ಅನುಕೂಲವಾದದ್ದು ಇದೇ ರೂಢಿ.

2010ರಲ್ಲಿ ಮೊದಲ ಆಧಾರ್ ಸಂಖ್ಯೆ ಬಂತು, ಬೆರಳಚ್ಚೇ ಗುರುತಾಯಿತು. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ತೀರ್ಪು ಬಂದದ್ದು ಅವರ ಪ್ರಕರಣದಲ್ಲೇ. 2023ರಲ್ಲಿ ಮಂಗಳೂರಿನಲ್ಲಿ ಬೆರಳಚ್ಚು ಕೊಟ್ಟು ಆಸ್ತಿ ನೋಂದಣಿ ಮಾಡಿಸಿದ ಹಲವರು, ಒಟಿಪಿಯ ಸುಳಿವೂ ಇಲ್ಲದೆ ಖಾತೆಯಿಂದ ಹಣ ಹೋಯಿತೆಂದು ಪೊಲೀಸರಿಗೆ ದೂರು ಕೊಟ್ಟರು. ಆಧಾರ್ ಆಧಾರಿತ ಪಾವತಿಯಲ್ಲಿ ಬೆರಳಚ್ಚು ದುರ್ಬಳಕೆಯಾಗಿತ್ತು. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವ ಸೌಲಭ್ಯ ಇದೆ. ಮಾಡದವರು ಇವತ್ತೇ ಮಾಡಿಕೊಳ್ಳಿ.

ಪಾಸ್‌ಕೀಯಲ್ಲಿ ಬೆರಳಚ್ಚನ್ನು ಪರೀಕ್ಷಿಸುವುದು ಫೋನು ಮಾತ್ರ, ಅದು ಜಾಲತಾಣಕ್ಕೆ ಹೋಗುವುದಿಲ್ಲ. ಖಾತೆಗೊಂದು ಜೋಡಿ ಕೀಲಿ: ಗುಟ್ಟಿನದು ನಮ್ಮ ಬಳಿ, ಅದರ ಸಹಿಯನ್ನು ತಾಳೆ ನೋಡುವ ಕೀಲಿ ಜಾಲತಾಣದ ಬಳಿ. ಪ್ರತಿ ಲಾಗಿನ್‌ಗೂ ಜಾಲತಾಣ ಹೊಸ ಸಂಖ್ಯೆ ಕಳಿಸುತ್ತದೆ, ಫೋನು ಗುಟ್ಟಿನ ಕೀಲಿಯಿಂದ ಅದಕ್ಕೆ ಡಿಜಿಟಲ್ ಸಹಿ ಹಾಕಿ ಹಿಂದಿರುಗಿಸುತ್ತದೆ. ಸಹಿ ಅಸಲಿ ವಿಳಾಸಕ್ಕೇ ಕಟ್ಟುಬಿದ್ದಿರುವುದರಿಂದ ನಕಲಿ ಪುಟದ ಆಟ ನಡೆಯದು. ಇದಕ್ಕೆ ಜಾಲತಾಣಗಳೆಲ್ಲ ಪಾಲಿಸಬಹುದಾದ ಸಾಮಾನ್ಯ ತಾಂತ್ರಿಕ ಮಾನದಂಡ 2019ರಲ್ಲಿ ಸಿದ್ಧವಾಯಿತು. 2022ರಲ್ಲಿ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಒಟ್ಟಾಗಿ ಬೆಂಬಲ ಘೋಷಿಸಿದವು.

ಮಲ್ಪೆಯಲ್ಲಿ ಬೋಟಿನಿಂದ ಫೋನು ನೀರಿಗೆ ಬಿದ್ದರೆ? ಪಾಸ್‌ಕೀಯ ಪ್ರತಿ ಗೂಗಲ್ ಅಥವಾ ಆ್ಯಪಲ್ ಖಾತೆಯಲ್ಲಿರಬಹುದು. ಆದರೆ ಆ ಖಾತೆ ತೆರೆಯಲು ಎಷ್ಟೋ ಸಲ ಮತ್ತೆ ಪಾಸ್‌ವರ್ಡ್, ಮತ್ತೆ ಎಸ್ಸೆಮ್ಮೆಸ್ಸೇ ಗತಿ. ಸಮ್ಮೇಳನದಲ್ಲಿ ಹೆಚ್ಚು ಚರ್ಚೆ ಆಗಬೇಕಿದ್ದದ್ದು ಇದು. ಎಸ್ಸೆಮ್ಮೆಸ್ ಒಟಿಪಿಯಾಚೆಗಿನ ವಿಧಾನಗಳಿಗೆ ಉತ್ತೇಜನ ಕೊಡುವ ರಿಸರ್ವ್ ಬ್ಯಾಂಕಿನ ನಿಯಮಗಳಿಗೆ 2026ರ ಏಪ್ರಿಲ್ 1 ಜಾರಿಯ ದಿನ. ಬ್ಯಾಂಕುಗಳು ಪಾಸ್‌ಕೀ ತರುವುದಾದರೆ, ಫೋನು ಕಳಕೊಂಡವರು ಶಾಖೆಗೇ ಹೋಗಿ, ದಾಖಲೆ ತೋರಿಸಿ, ಹೊಸ ಫೋನಿಗೆ ಅದನ್ನು ಹಾಕಿಸಿಕೊಳ್ಳುವ ಏರ್ಪಾಡನ್ನೂ ಮೊದಲ ದಿನದಿಂದಲೇ ಮಾಡಬೇಕು.