ಒಂಬತ್ತು, ಚಕ್ಕಾ, ಗೇ: ಮೂರು ಬೈಗುಳಗಳ ಹಿಂದಿನ ಕತೆ

ಬೆಂಗಳೂರಿನ ಯಾವುದೇ ಕಾಲೇಜಿನ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಕೂತರೆ ಸಾಕು. ಗುಲಾಬಿ ಬಣ್ಣದ ಶರ್ಟು ಹಾಕಿ ಬಂದವನಿಗೆ ‘ಏನ್ ಮಗಾ, ಗೇ ಥರ ಇದೀಯ’. ಬೈಕು ನಿಧಾನಕ್ಕೆ ಓಡಿಸುವವನು ‘ಚಕ್ಕಾ’. ಕ್ಯಾಚ್ ಕೈಬಿಟ್ಟವನು ‘ಒಂಬತ್ತು’. ಯಾಕಪ್ಪಾ ಹೀಗಂತೀಯ ಎಂದರೆ, ‘ತಮಾಷೆಗೆ ಅಂದಿದ್ದು, ಅವನೇನ್ ನಿಜವಾಗ್ಲೂ ಗೇನಾ?’

ಬೈದವನ ಪರವಾಗಿ ಹೂಡುವ ಈ ವಾದವೇ ಅವನನ್ನು ಸಿಕ್ಕಿಹಾಕಿಸುತ್ತದೆ. ಕೈಬಿಟ್ಟ ಕ್ಯಾಚಿಗೂ ಯಾರು ಯಾರನ್ನು ಪ್ರೀತಿಸುತ್ತಾರೆ ಎನ್ನುವುದಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಪದ ಚುಚ್ಚುತ್ತದೆ ಎಂದರೆ, ‘ಅಂಥವರು ಕೀಳು’ ಎಂದು ಹೇಳಿದವನೂ ಕೇಳಿದವನೂ ಮೊದಲೇ ಒಪ್ಪಿಕೊಂಡಿರಬೇಕು. ಬೈಸಿಕೊಂಡವನು ನಕ್ಕು ಸುಮ್ಮನಾಗಬಹುದು. ಪಕ್ಕದ ಬೆಂಚಿನಲ್ಲಿ ಬಾಯಿ ಬಿಡದೆ ಕೂತವನಿಗೆ ತಾಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ‘ಗೇ’ ಎನ್ನುವುದನ್ನು ಬೈಗುಳವಾಗಿ ಹೆಚ್ಚು ಕೇಳಿಸಿಕೊಂಡ ಸಲಿಂಗಿ ಮತ್ತು ದ್ವಿಲಿಂಗಿ ವಿದ್ಯಾರ್ಥಿಗಳಲ್ಲಿ ಒಂಟಿತನ, ತಲೆನೋವು, ಹಸಿವಾಗದಿರುವುದು ಹೆಚ್ಚಾಗಿ ಕಂಡಿತ್ತು. ಅವರಿಗೆಂದೇ ಯಾರೂ ಬೈದಿರಬೇಕಾಗಿರಲಿಲ್ಲ.

ಗೇ ಎನ್ನುವುದು ಒಲವಿನ ಮಾತು, ಹಿಜ್ರಾ ಎನ್ನುವುದು ಲಿಂಗತ್ವದ ಮಾತು. ಎರಡೂ ಬೇರೆ. ಬೈಗುಳಕ್ಕೆ ಮಾತ್ರ ಈ ವ್ಯತ್ಯಾಸ ಬೇಕಿಲ್ಲ, ಗಂಡಸುತನದ ಅಳತೆಗೆ ಸಿಗದವರನ್ನೆಲ್ಲ ಒಂದೇ ಚೀಲಕ್ಕೆ ತುಂಬುತ್ತದೆ. ‘ಒಂಬತ್ತು’ ನಮಗೂ ತಮಿಳರಿಗೂ ಸಮಾನ ಆಸ್ತಿ. ಹಿಂದಿಯ ‘ಛಕ್ಕಾ’ ಆರರ ಲೆಕ್ಕದ್ದು. ಚೆಂಡು ಬೌಂಡರಿ ದಾಟಿದರೆ ಅದೇ ಪದಕ್ಕೆ ಚಪ್ಪಾಳೆ. ಇದೇ ಅರ್ಥದ ಇನ್ನೊಂದು ಬೈಗುಳ ‘ಖೋಜಾ’ದ ಪಾಡು ಇನ್ನೂ ವಿಚಿತ್ರ. ಅದರ ಮೂಲವಾದ ಪರ್ಷಿಯನ್ ‘ಖ್ವಾಜಾ’ ಎಂದರೆ ಒಡೆಯ. ಮೊಘಲರ ಅರಮನೆಯಲ್ಲಿ ಜನಾನಾದ, ಅಂದರೆ ರಾಣಿವಾಸದ, ಉಸ್ತುವಾರಿ ನೋಡುತ್ತಿದ್ದ ನಪುಂಸಕರು ಖ್ವಾಜಾಸರಾಗಳು. ಅದು ಹುದ್ದೆಯ ಹೆಸರಾಗಿತ್ತು.

ಅಪರಾಧದ ಮುದ್ರೆ ಒತ್ತಿದ್ದು ಬ್ರಿಟಿಷರ ಕಾನೂನು. 1860ರ ದಂಡಸಂಹಿತೆಯ 377ನೇ ಕಲಮು ‘ನಿಸರ್ಗಕ್ಕೆ ವಿರುದ್ಧವಾದ’ ಸಂಭೋಗಕ್ಕೆ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿತು. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೇ ಭಾಗ, ಕಾಯ್ದೆಯ ಮಾತಿನಲ್ಲೇ ಹೇಳುವುದಾದರೆ ‘ನಪುಂಸಕ’ರಲ್ಲಿ ಶಂಕಿತರೆನಿಸಿದವರ ಹೆಸರು, ವಿಳಾಸಗಳ ರಿಜಿಸ್ಟರ್ ಇಡಲು ಹೇಳಿತು. ಪಟ್ಟಿಯಲ್ಲಿದ್ದವರು ಹೆಂಗಸರ ಉಡುಪಿನಲ್ಲಿ ಬೀದಿಗೆ ಬಂದರೆ ವಾರಂಟ್ ಇಲ್ಲದೆ ಬಂಧನ, ಎರಡು ವರ್ಷದವರೆಗೆ ಜೈಲು. ಹಳೇ ಕತೆ ಎನ್ನುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಕಲಮು ಸೇರಿದಾಗ ಅದರಲ್ಲೂ ಅದೇ ಪದ, ಅದೇ ರಿಜಿಸ್ಟರ್. ನಡುವೆ ನೂರಾ ನಲವತ್ತು ವರ್ಷ ಕಳೆದಿತ್ತು! ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಆ ಪದ ತೆಗೆದು ‘ವ್ಯಕ್ತಿ’ ಎಂದು ತಿದ್ದಲಾಯಿತು. ಸರ್ಕಾರಿ ಪುಸ್ತಕದಲ್ಲೇ ಆ ಪದ ಶಂಕಿತರ ಪಟ್ಟಿಯ ಶೀರ್ಷಿಕೆಯಾಗಿದ್ದಾಗ, ಬೀದಿಯಲ್ಲಿ ಅದು ಬೈಗುಳವಾದದ್ದರಲ್ಲಿ ಆಶ್ಚರ್ಯವೇನಿದೆ?

‘ಗೇ’ ಬಂದದ್ದು ಬೇರೆ ದಾರಿಯಲ್ಲಿ. ಇಂಗ್ಲಿಷಿನಲ್ಲಿ ಅದಕ್ಕೆ ‘ಉಲ್ಲಾಸದ’ ಎಂಬ ಅರ್ಥವಿತ್ತು. 1960ರ ದಶಕದ ಹೊತ್ತಿಗೆ ಸಲಿಂಗಿಗಳು ತಮ್ಮ ಹೆಸರಾಗಿಯೇ ಅದನ್ನು ಬಳಸತೊಡಗಿದ್ದರು. ಶಾಲಾ ಮಕ್ಕಳ ಬಾಯಲ್ಲಿ ಅದು ‘ದರಿದ್ರ’ ಎಂಬ ಅರ್ಥಕ್ಕೆ ಇಳಿಯಿತು. 2006ರಲ್ಲಿ ಬಿಬಿಸಿಯ ರೇಡಿಯೊ ನಿರೂಪಕರೊಬ್ಬರು ಒಂದು ರಿಂಗ್‌ಟೋನನ್ನು ‘ಗೇ’ ಎಂದು ಹಳಿದಾಗ ದೂರು ಬಂತು. ಎಳೆಯರಲ್ಲಿ ಆ ಅರ್ಥ ರೂಢಿಯಾಗಿದೆ ಎಂದು ಸಂಸ್ಥೆಯ ಆಡಳಿತ ಮಂಡಳಿ ಅವರನ್ನು ಸಮರ್ಥಿಸಿತು. ರೂಢಿಯ ನೆಪ ನಮಗೆ ಒಪ್ಪಿಗೆಯಿಲ್ಲ. ಜಾತಿಯ ಹೆಸರು ಹಿಡಿದು ಬೈಯುವುದೂ ಒಂದು ಕಾಲಕ್ಕೆ ರೂಢಿಯೇ ಆಗಿತ್ತಲ್ಲ. ಬೆಂಗಳೂರಿನಲ್ಲಿ 1994ರಲ್ಲಿ ಶುರುವಾದ ಸಲಿಂಗಿಗಳ ಬಳಗ ‘ಗುಡ್ ಆ್ಯಸ್ ಯೂ’ ಎಂದು ಹೆಸರಿಟ್ಟುಕೊಂಡಿತು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿದರೆ ಅದೇ ‘ಗೇ’.

ಕನ್ನಡಕ್ಕೆ ಬೈಗುಳವೇ ಬೇಕಿಲ್ಲ, ವ್ಯಾಕರಣ ಸಾಕು. ಶಾಲೆಯಲ್ಲಿ ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ ಎಂದು ಬಾಯಿಪಾಠ ಮಾಡಿಸುತ್ತಾರೆ. ಮೂರನೆಯದರ ಉದಾಹರಣೆ ಮರ, ಕಲ್ಲು, ಮೇಜು. ಸಿಗ್ನಲ್ಲಿನಲ್ಲಿ ಕೈಚಾಚುವ ಮಂಗಳಮುಖಿಯನ್ನು ಕಂಡು ‘ಅದು ಬಂತು, ಗ್ಲಾಸ್ ಏರಿಸು’ ಎಂದರೆ ಆಕೆಯನ್ನು ಮೇಜಿನ ಸಾಲಿಗೆ ಸೇರಿಸಿದಂತೆ. ‘ಅವರು ಬಂದರು’ ಎನ್ನಲು ಹೆಚ್ಚು ಖರ್ಚಿಲ್ಲ, ಅದರಲ್ಲಿ ಗಂಡು ಹೆಣ್ಣಿನ ಲೆಕ್ಕವೂ ಇಲ್ಲ. ಪತ್ರಿಕೆಗಳ ‘ಸಲಿಂಗಕಾಮಿ’ಯೂ ಇದೇ ಬಗೆಯದು: ಗಂಡು ಹೆಣ್ಣು ಕೂಡಿದರೆ ‘ದಂಪತಿ’, ಉಳಿದವರಿಗೆ ಹೆಸರಲ್ಲೇ ‘ಕಾಮ’. ಸಲಿಂಗಿ, ಸಲಿಂಗಪ್ರೇಮಿ ಎಂಬ ಪದಗಳು ಕೈಗೆಟುಕುವಷ್ಟು ಹತ್ತಿರದಲ್ಲೇ ಇವೆ.

ಇನ್ನು ‘ಬಳೆ ತೊಟ್ಕೊಂಡು ಮನೇಲಿ ಕೂತ್ಕೋ’. ಇದೇ ಊರಿನ ತಿಗಳರಪೇಟೆಯಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ ಕರಗ ಹೊರುವ ಅರ್ಚಕರು ಬಳೆ ತೊಟ್ಟು, ತಾಳಿ ಕಟ್ಟಿಕೊಂಡು, ದ್ರೌಪದಿಯಾಗಿ ಧರ್ಮರಾಯನ ಗುಡಿಯಿಂದ ಹೊರಬರುತ್ತಾರೆ. ಕತ್ತಿ ಹಿಡಿದ ವೀರಕುಮಾರರು ಕಾವಲು, ಪೇಟೆಯೆಲ್ಲ ಮಲ್ಲಿಗೆ ಎರಚಿ ಕೈಮುಗಿಯುತ್ತದೆ.

ಈಗ ಕಾನೂನು ಎಲ್ಲಿ ನಿಂತಿದೆ? 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಂಬಂಧವನ್ನು 377ರಿಂದ ಹೊರಗಿಟ್ಟಿತು. 2019ರ ಲಿಂಗತ್ವ ಅಲ್ಪಸಂಖ್ಯಾತರ ಕಾಯ್ದೆಯ 18ನೇ ಕಲಮು ಅವರ ಮೇಲಿನ ಮಾತಿನ ದೌರ್ಜನ್ಯಕ್ಕೂ ಆರು ತಿಂಗಳಿಂದ ಎರಡು ವರ್ಷ ಸಜೆ ಇಟ್ಟಿತು. ಸಲಿಂಗಿಗಳಿಗೆ ಅಂಥ ಪ್ರತ್ಯೇಕ ಕಲಮಿಲ್ಲ. ಕಾಲೇಜುಗಳಲ್ಲಿ ಮಾತ್ರ ದಾರಿಯಿದೆ: ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2016ರಲ್ಲಿ ರ‍್ಯಾಗಿಂಗ್ ನಿಯಮ ತಿದ್ದಿ ಲೈಂಗಿಕ ಒಲವಿನ ಕಾರಣಕ್ಕೆ ಕಾಡುವುದನ್ನೂ ಅದರೊಳಗೆ ತಂದಿತು; ಸಹಾಯವಾಣಿ 1800-180-5522. ಆಫೀಸಿನಲ್ಲಿ ಎಡವುವುದು ಇಲ್ಲೇ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಡಿ ದೂರು ಕೊಡಬಹುದಾದ್ದು ಮಹಿಳೆ ಮಾತ್ರ. ಗಂಡಸು ಆಂತರಿಕ ಸಮಿತಿಗೆ ಹೋದರೆ, ಕಂಪನಿಯ ಸ್ವಂತ ನೀತಿಯಲ್ಲಿ ಅವಕಾಶ ಬರೆದಿಲ್ಲದಿದ್ದರೆ, ದೂರು ವಾಪಸ್. ಮೊದಲು ಆ ನೀತಿಯ ಪ್ರತಿ ತರಿಸಿ ಓದಿ. ಮಾತು, ದಿನ, ಸಮಯ, ಎದುರಿಗಿದ್ದವರು ಯಾರು ಎನ್ನುವುದನ್ನು ಅಂದೇ ಬರೆದಿಡಿ, ಚಾಟ್‌ನ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತಿರಲಿ.

ಪಕ್ಕದಲ್ಲಿ ಕೂತು ಕೇಳಿಸಿಕೊಂಡವರು ಸಾಮಾನ್ಯವಾಗಿ ಮಾಡುವ ತಪ್ಪು, ‘ಇಲ್ಲೂ ಯಾರಾದ್ರೂ ಅಂಥವರು ಇರ್ಬೋದು ಕಣೋ’ ಎನ್ನುವುದು. ತಕ್ಷಣ ಎಲ್ಲರ ಕಣ್ಣೂ ಒಬ್ಬನ ಕಡೆ ಹೊರಳುತ್ತದೆ. ಅದಕ್ಕಿಂತ ಬೈಗುಳದ ಹಿಂದಿನ ದೂರು ಏನೆಂದು ಕೇಳಿ. ‘ಈ ಕೋಡ್ ತುಂಬಾ ಗೇ ಆಗಿದೆ’ ಎಂದರೆ, ‘ಯಾವ ಸಾಲು ಓಡ್ತಿಲ್ಲ, ಅದ್ ಹೇಳು’.