ಸ್ಕಿಡ್ ಪ್ಲೇಟ್‌ಗೆ ಬೇಕಾದದ್ದು ತಿದ್ದಲು ಬರುವ ಬಣ್ಣ

ಗುಡ್ಡ ಹತ್ತಿಳಿದ ಥಾರ್, ಜಿಮ್ನಿ ಜೀಪುಗಳನ್ನು ಸಕಲೇಶಪುರದ ನಮ್ಮ ಗ್ಯಾರೇಜಿಗೆ ತರುವವರೆಲ್ಲ ಸ್ಕಿಡ್ ಪ್ಲೇಟ್, ಅಂದರೆ ಎಂಜಿನ್ನಿನ ಅಡಿಯನ್ನು ಕಲ್ಲಿನಿಂದ ಕಾಯುವ ಲೋಹದ ತಗಡಿನ ಬಗ್ಗೆ ಕೇಳುವುದು ಒಂದೇ: ‘ಕಲ್ಲು ಉಜ್ಜಿದರೂ ಹೋಗದ ಬಣ್ಣ ಯಾವುದು ಸಾರ್?’ ಅಂಥ ಬಣ್ಣವಿಲ್ಲ. ಟನ್ನಿಗೂ ಮೀರಿದ ಗಾಡಿ ಬಂಡೆಯ ಮೇಲೆ ಕೂತು ಜಾರಿದರೆ ಯಾವ ಲೇಪವೂ ನಿಲ್ಲದು. ಏಟು ತಿನ್ನಲೆಂದೇ ಆ ಪ್ಲೇಟ್ ಇರುವುದು.

ಆದರೂ ಎಲ್ಲರಿಗೂ ಪೌಡರ್ ಕೋಟಿಂಗ್ (ಪುಡಿ ಬಣ್ಣದ ಲೇಪ) ಬೇಕು. ಗೇಟಿಗೆ, ಕುರ್ಚಿಗೆ ಅದು ಉತ್ತಮವೇ. ಆದರೆ ಅದನ್ನು ಸುಮಾರು 180ರಿಂದ 200 ಡಿಗ್ರಿ ಶಾಖದ ಒಲೆಯಲ್ಲಿ ಬೇಯಿಸಬೇಕು. ಕಿತ್ತುಹೋದ ಜಾಗಕ್ಕಷ್ಟೇ ಮನೆಯಂಗಳದಲ್ಲಿ ಹಚ್ಚಲಾಗದು. ಅದಕ್ಕಿಂತ ಕೆಟ್ಟದ್ದು, ಗೀರಿನಿಂದ ಒಳಹೊಕ್ಕ ನೀರು ಪದರದ ಅಡಿಯಲ್ಲೇ ತುಕ್ಕು ಹರಡುತ್ತದೆ. ಕಾಫಿ ತೋಟದ ಹುಡುಗನೊಬ್ಬ ನನ್ನ ಮಾತು ಮೀರಿ ಮಾಡಿಸಿಕೊಂಡಿದ್ದ. ಮಳೆಗಾಲ ಕಳೆದು ಬಂದಾಗ ಹೊರಗೆ ಕಂಡದ್ದು ನಾಲ್ಕಾರು ಗೀರು. ಸ್ಕ್ರೂಡ್ರೈವರ್ ತುದಿ ತಾಗಿಸಿದರೆ ಪದರ ಹಾಲಿನ ಕೆನೆಯಂತೆ ಎದ್ದು ಬಂತು, ಕೆಳಗೆ ಅಂಗೈಯಗಲ ತುಕ್ಕು. ಗಾಡಿಯನ್ನು ಅಷ್ಟು ಪ್ರೀತಿಸುವವನ ಮುಖ ನೋಡಿ ಬೈಯಲು ಮನಸ್ಸಾಗಲಿಲ್ಲ.

ಉಕ್ಕಿನ ಪ್ಲೇಟ್‌ಗೆ ನಾನು ಹೇಳುವುದು ಸತು ಹೆಚ್ಚಿರುವ ಪ್ರೈಮರ್ (ಬಣ್ಣದ ಮೊದಲ ಪದರ), ಮೇಲೆ ಅದಕ್ಕೆ ಹೊಂದುವ, ಹೊಳಪಿಲ್ಲದ ಕಪ್ಪು ಬಣ್ಣ. ಸಣ್ಣ ಗೀರು ಬಿದ್ದರೂ ಉಕ್ಕಿಗಿಂತ ಮೊದಲು ಸತು ಸವೆಯುತ್ತದೆ. ಹೊಳಪಿಲ್ಲದ ಕಪ್ಪಿನಲ್ಲಿ ತೇಪೆ ಕಾಣುವುದಿಲ್ಲ. ಪ್ರೈಮರ್ ಬರಿಯ ಲೋಹಕ್ಕೇ ತಾಗಬೇಕು. ಆದ್ದರಿಂದ ಮೊದಲು ಎಣ್ಣೆ ಜಿಡ್ಡು ತೆಗೆಯಿರಿ, ಆಮೇಲೆ ತಂತಿ ಬ್ರಷ್. ಗಾಯದ ಅಂಚನ್ನು 80, ನಂತರ 120 ನಂಬರಿನ ಉಜ್ಜುಕಾಗದದಲ್ಲಿ ತೆಳುವಾಗಿಸಿ, ತಿನ್ನರಿನಲ್ಲಿ ಒರೆಸಿ, ಒಣಗಿದ ಮೇಲೆ ಹಚ್ಚಿ. ಅಲ್ಯೂಮಿನಿಯಂ ಪ್ಲೇಟ್ ಆದರೆ ಇಲ್ಲಿ ಹಾಗೇ ಬಿಡುವುದೇ ವಾಸಿ. ಬಣ್ಣ ಬೇಕೇ ಬೇಕೆಂದರೆ ಲೋಹದ ಮೈಯನ್ನು ಕೊಂಚ ಕೊರೆದು ಹಿಡಿಯುವ ‘ಎಚ್’ (etch) ಪ್ರೈಮರ್ ಹಾಕದೆ ಮುಟ್ಟಬೇಡಿ. ದಪ್ಪ ರಬ್ಬರ್ ಲೇಪವನ್ನು ನಾನು ಒಪ್ಪುವುದಿಲ್ಲ. ಕಲ್ಲು ಅದನ್ನು ಹರಿದುಹಾಕುತ್ತದೆ, ಹರಿದ ಸಂದಿಯಲ್ಲಿ ಕೆಸರು ಕೂರುತ್ತದೆ.

ಗಾಳಿಯ ತೇವಾಂಶ ಶೇ 85 ದಾಟಿದ ದಿನ ಬಣ್ಣದ ಕೆಲಸ ಬೇಡ. ಜುಲೈನಲ್ಲಿ ನಮ್ಮ ಕಡೆ ಅದಕ್ಕಿಂತ ಒಣ ದಿನ ಸಿಗುವುದು ಅಪರೂಪ. ಮಳೆಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಪ್ಲೇಟ್ ಬಿಚ್ಚಿ, ಒಳಮೈಗೂ ಹಚ್ಚಿ. ಕೆಸರು ಹೆಚ್ಚು ಕೂರುವುದು ಅಲ್ಲೇ. ನೀರು ಹರಿಯುವ ತೂತುಗಳನ್ನೂ ಬೋಲ್ಟಿನ ತಿರುಪು ಗೆರೆಗಳನ್ನೂ ಬಣ್ಣದಿಂದ ಮುಚ್ಚಬೇಡಿ. ಗಾಡಿ ವಾರಂಟಿಯಲ್ಲಿದ್ದರೆ ಬಿಚ್ಚುವ ಮುನ್ನ ಕಂಪನಿಯವರನ್ನು ಕೇಳಿ.